ದಾರ ನಾನು ಪೋಣಿಸ್ತೀನಿ, ಹೊಲಿಯೋದು ನೀನು

ಅಮ್ಮನ ಹೊಲಿಗೆ ಮಿಷಿನ್ನಿನ ಮೇಲೆ ಸುಮಾರು ಒಂದು ವರ್ಷ ಹಳೇ ಬೆಡ್‌ಶೀಟ್ ಹೊದಿಸಿತ್ತು. ಹೊದಿಸಿದವಳು ನಾನೇ. ಹಾಗೆ ಮಾಡು ಅಂತ ಯಾರೂ ಹೇಳಿರಲಿಲ್ಲ. ಸೂಜಿ ಬೆರಳಿಗೆ ಹೊಕ್ಕರೆ ಏನು ಗತಿ ಅನ್ನೋ ಭಯ, ಅಷ್ಟೇ.

ಅಮ್ಮನಿಗೆ ಡಿಮೆನ್ಶಿಯಾ, ಅಂದರೆ ನೆನಪು, ಯೋಚನೆ ಕುಂದುತ್ತಾ ಹೋಗುವ ಕಾಯಿಲೆ, ಶುರುವಾಗಿದೆ ಅಂತ ಗೊತ್ತಾಗಿ ಆಗ ಎರಡು ತಿಂಗಳಾಗಿತ್ತು. ಇನ್ನೂ ಮೊದಲ ಹಂತ. ಕೇಳಿದ್ದನ್ನೇ ಮತ್ತೆ ಕೇಳುತ್ತಿದ್ದಳು, ಕೀಲಿ ಎಲ್ಲೋ ಇಟ್ಟು ಮರೆಯುತ್ತಿದ್ದಳು. ಮಾತಿನ ಮಧ್ಯೆ ಬೇಕಾದ ಪದ ಸಿಗದೆ ಕೈ ಆಡಿಸುತ್ತಿದ್ದಳು. ಉಳಿದಂತೆ ಅದೇ ಅಮ್ಮ. ಆದರೆ ಡಾಕ್ಟರು ಚೀಟಿ ಬರೆಯುತ್ತಾ, "ಇನ್ನು ಮೇಲೆ ಜಾಸ್ತಿ ಕೆಲಸ ಹಚ್ಚಬೇಡಿ, ಮನೇಲಿ ಆರಾಮಾಗಿರಲಿ" ಅಂದುಬಿಟ್ಟರು. ನಾವು ಅದನ್ನ ಅಪ್ಪಣೆ ಅಂತ ತಿಳಿದುಕೊಂಡೆವು. ಅಣ್ಣ ಅವಳ ಪಾಸ್‌ಬುಕ್ಕನ್ನು ತನ್ನ ಬೀರುವಿಗೆ ಸೇರಿಸಿದ. ಅತ್ತಿಗೆ ಅಡುಗೆಮನೆಯನ್ನು ಪೂರ್ತಿ ತಮ್ಮ ಕೈಗೆ ತೆಗೆದುಕೊಂಡರು. ನಾನು ಮಿಷಿನ್ನು ಮುಚ್ಚಿದೆ. ಮೂರು ತಿಂಗಳಲ್ಲಿ ಅಮ್ಮನ ಕೈಯಲ್ಲಿ ಉಳಿದದ್ದು ಟಿವಿಯ ರಿಮೋಟು. ಅದನ್ನೂ ಒತ್ತುತ್ತಿದ್ದವಳು ನಾನು.

ಆಮೇಲೆ ನಾವೇ ಕೂತು ಮಾತಾಡಿಕೊಂಡೆವು: "ನೋಡಿದ್ರಾ, ಎಷ್ಟು ಬೇಗ ಇಳಿದುಹೋದಳು."

ಅದರಲ್ಲಿ ಕಾಯಿಲೆಯ ಪಾಲೆಷ್ಟು, ನಮ್ಮ ಪಾಲೆಷ್ಟು? ಇವತ್ತಿಗೂ ನನಗೆ ಲೆಕ್ಕ ಸಿಕ್ಕಿಲ್ಲ. ಆಸ್ಟ್ರೇಲಿಯಾದಲ್ಲಿ ಕೇಟ್ ಸ್ವಾಫರ್ ಅಂತ ಒಬ್ಬರಿದ್ದಾರೆ. ಐವತ್ತು ತುಂಬುವ ಮೊದಲೇ ಅವರಿಗೆ ಡಿಮೆನ್ಶಿಯಾ ಇದೆ ಅಂತ ಗೊತ್ತಾಯಿತು. ಕೆಲಸ ಬಿಡಿ, ಓದು ಬಿಡಿ, ಇರೋ ದಿನ ನೆಮ್ಮದಿಯಾಗಿ ಕಳೆಯಿರಿ ಅನ್ನೋ ಸಲಹೆ ಅವರಿಗೂ ಸಿಕ್ಕಿತ್ತು. ಇದು ಬದುಕಿನಿಂದ ದೂರ ಸರಿಯಿರಿ ಅಂತ ಔಷಧಿ ಚೀಟಿ ಬರೆದುಕೊಟ್ಟ ಹಾಗೆ ಅಂತ ಅವರು ಅದಕ್ಕೊಂದು ಹೆಸರನ್ನೇ ಇಟ್ಟರು. ಅವರು ಓದು ಬಿಡಲಿಲ್ಲ. 2014ರಲ್ಲಿ ಡಿಮೆನ್ಶಿಯಾ ಇರುವ ಬೇರೆಯವರ ಜೊತೆ ಸೇರಿ, ಡಿಮೆನ್ಶಿಯಾ ಇರುವವರೇ ನಡೆಸುವ ಸಂಘಟನೆಯನ್ನೂ ಕಟ್ಟಿದರು. ಎಲ್ಲರಿಗೂ ಇದು ಆಗುವ ಮಾತಲ್ಲ, ಒಪ್ಪುತ್ತೇನೆ. ಆದರೆ ಆ 'ಚೀಟಿ'ಯ ಮಾತು ಓದಿದಾಗ ನನ್ನ ಕಣ್ಣಿಗೆ ಬಂದದ್ದು ಆ ಬೆಡ್‌ಶೀಟು.

ಅದನ್ನು ತೆಗೆದದ್ದು ನಾನಲ್ಲ, ನನ್ನ ಮಗಳು. ಅವಳಿಗೆ ಮನೆಯ ಹೊಸ ಕಾನೂನುಗಳನ್ನು ಯಾರೂ ವಿವರಿಸಿರಲಿಲ್ಲ. ಒಂದು ಭಾನುವಾರ ಅಂಚು ಕಿತ್ತುಹೋದ ದಿಂಬಿನ ಕವರು ಹಿಡಿದುಕೊಂಡು ಹೋಗಿ, "ಅಜ್ಜಿ, ಇದನ್ನ ಹೊಲಿದುಕೊಡ್ತೀಯಾ?" ಅಂದಳು. ಅಮ್ಮ ಎದ್ದಳು. ಅಷ್ಟು ದಿನದಲ್ಲಿ ಯಾರೂ ಎಬ್ಬಿಸದೆ ಅವಳು ಎದ್ದದ್ದು ಅದೇ ಮೊದಲು.

ನಾನು ಹೋಗುವ ಹೊತ್ತಿಗೆ ಅಮ್ಮ ದಾರದ ತುದಿ ಹಿಡಿದು ಸುಮ್ನೆ ಕೂತಿದ್ದಳು. ತುಳಿಯುವ ಮಿಷಿನ್ನು ಅದು. ಉಂಡೆಯಿಂದ ಬಂದ ದಾರ ಮೊದಲು ಬಿಗಿ ಮಾಡುವ ಬಿಲ್ಲೆಗಳ ನಡುವೆ ಹೋಗಬೇಕು, ಮೇಲಿನ ಕೊಕ್ಕೆಗೆ ಹತ್ತಬೇಕು, ಇಳಿದು ಬಂದು ಸೂಜಿಯ ಕಣ್ಣು ಹೊಗಬೇಕು. ನಲವತ್ತು ವರ್ಷ ಮಾಡಿದ ಕೆಲಸ. ಈಗ ಎರಡನೇ ಹೆಜ್ಜೆಯಲ್ಲೇ ದಾರ ನಿಂತುಹೋಗಿತ್ತು. "ಬೇಡ ಬಿಡಮ್ಮಾ" ಅನ್ನೋದು ನನ್ನ ಬಾಯಿ ತುದಿಗೆ ಬಂದಿತ್ತು. ಅದೇನನ್ನಿಸಿತೋ, ಅವಳ ಕೈಯಿಂದ ದಾರ ತಗೊಂಡು ಪೋಣಿಸಿದೆ. ಬಟ್ಟೆಯನ್ನು ಸೂಜಿಯ ಕೆಳಗಿಟ್ಟೆ.

ಆಮೇಲೆ ನಡೆದದ್ದನ್ನ ಹೇಗೆ ಹೇಳಲಿ? ಅಮ್ಮನ ಬಲಗೈ ತಾನಾಗೇ ಚಕ್ರಕ್ಕೆ ಹೋಗಿ ಒಂದು ತಳ್ಳು ಕೊಟ್ಟಿತು. ಕಾಲು ತುಳಿಯತೊಡಗಿತು. ಎಡಗೈ ಬಟ್ಟೆಯನ್ನು ಹಿಂದಕ್ಕೆ ಎಳೆಯದೆ, ತಳ್ಳದೆ, ಬರೀ ದಾರಿ ತೋರಿಸುತ್ತಾ ಹೋಯಿತು. ಅಂಚಿನ ಕೊನೆಗೆ ಬಂದಾಗ ನಿಲ್ಲಿಸಿದಳು. ಬಟ್ಟೆ ತಿರುಗಿಸಿ ಮತ್ತೆ ಎರಡು ಮೂರು ಹೊಲಿಗೆ ಹಾಕಿದಳು, ಹೊಲಿಗೆ ಬಿಚ್ಚಿಕೊಳ್ಳದಿರಲಿ ಅಂತ. ದಾರವನ್ನು ಹಲ್ಲಿನಿಂದ ಕಚ್ಚಿ ಕತ್ತರಿಸಿದಳು. ಪಕ್ಕದಲ್ಲೇ ಕತ್ತರಿ ಇತ್ತು. ಮೊದಲೂ ಹಾಗೇ, ಕತ್ತರಿ ಮುಟ್ಟುತ್ತಿರಲಿಲ್ಲ.

ಇದರಲ್ಲಿ ಪವಾಡ ಏನೂ ಇಲ್ಲ ಅಂತ ಆಮೇಲೆ ಓದಿ ತಿಳಿದುಕೊಂಡೆ. ಇವತ್ತು ಬೆಳಿಗ್ಗೆ ಏನಾಯ್ತು, ಯಾರು ಬಂದಿದ್ರು ಅನ್ನೋ ನೆನಪುಗಳನ್ನು ಕೂಡಿಸೋದು ಮಿದುಳಿನ ಹಿಪ್ಪೊಕ್ಯಾಂಪಸ್ ಅನ್ನೋ ಭಾಗ. ಡಿಮೆನ್ಶಿಯಾಕ್ಕೆ ಎಲ್ಲಕ್ಕಿಂತ ಹೆಚ್ಚಾಗಿ ಕಾರಣವಾಗೋ ಆಲ್ಝೈಮರ್ ಕಾಯಿಲೆ ಮೊದಮೊದಲು ಕೈ ಹಾಕೋದೇ ಅಲ್ಲಿಗೆ. ಸೈಕಲ್ ತುಳಿಯೋದು, ಹೊಲಿಯೋದು, ತಬಲಾ ಬಾರಿಸೋದು ಇಂಥ ಕೈಗೂಡಿದ ವಿದ್ಯೆಗಳು ಇರೋ ಜಾಗ ಬೇರೆ. ಅವು ಜಾಸ್ತಿ ದಿನ ಉಳಿಯುತ್ತವೆ. ಹಾಗೇ, ಒಂದು ಕೆಲಸವನ್ನು ಶುರು ಮಾಡಿಸೋದು, ಅದಾದ ಮೇಲೆ ಇದು ಅಂತ ಹೆಜ್ಜೆ ಜೋಡಿಸೋದು ಹೆಚ್ಚಾಗಿ ಮಿದುಳಿನ ಮುಂಭಾಗದ ಕೆಲಸ. ಅಲ್ಲಿ ತೊಡಕಾದಾಗ ಮನುಷ್ಯ ಸುಮ್ನೆ ಕೂತುಬಿಡುತ್ತಾನೆ. ನಾವು ಅದನ್ನ ಸೋಮಾರಿತನ ಅಂದುಕೊಳ್ಳುತ್ತೇವೆ, ಅಥವಾ ಹಠ. "ಏನಾದ್ರೂ ಮಾಡಮ್ಮಾ" ಅಂತ ನಾನು ಎಷ್ಟು ಸಲ ರೇಗಿದ್ದೇನೋ. "ಮಾಡ್ತೀನಿ" ಅನ್ನುತ್ತಿದ್ದಳು, ಕೂತೇ ಇರುತ್ತಿದ್ದಳು. ಅವಳಿಗೆ ಮನಸ್ಸಿತ್ತು. ಚಕ್ರಕ್ಕೆ ಕೊಡಬೇಕಾದ ಆ ಮೊದಲ ತಳ್ಳು ಮಾತ್ರ ಇರಲಿಲ್ಲ.

(ಒಂದು ಎಚ್ಚರದ ಮಾತು. ಸುಮ್ನೆ ಕೂರೋದರ ಹಿಂದೆ ಕೆಲವು ಸಲ ಖಿನ್ನತೆಯೂ ಇರುತ್ತದೆ. ಅಳು, ನಿದ್ದೆಗೇಡು, "ನಾನು ಯಾರಿಗೂ ಬೇಡ" ಅನ್ನೋ ಮಾತು ಬಂದರೆ ಡಾಕ್ಟರಿಗೆ ತೋರಿಸಿ. ಡಿಮೆನ್ಶಿಯಾದ ಜೊತೆ ಬಂದದ್ದಾದರೂ ಅದಕ್ಕೆ ಸಹಾಯ ಸಿಗುತ್ತದೆ.)

ಅವತ್ತಿನಿಂದ ನಮ್ಮಿಬ್ಬರ ನಡುವೆ ಒಂದು ಒಪ್ಪಂದ. ದಾರ ನಾನು ಪೋಣಿಸೋದು, ಹೊಲಿಯೋದು ಅವಳು.

ಕೇಳೋಕೆ ಚೆನ್ನಾಗಿದೆ, ಅಲ್ವಾ? ಎರಡನೇ ವಾರದಲ್ಲಿ ಅಮ್ಮ ದಿಂಬಿನ ಕವರೊಂದರ ನಾಲ್ಕೂ ಕಡೆ ಹೊಲಿದಿಟ್ಟಳು. ದಿಂಬು ತೂರಿಸೋಕೆ ಬಾಯೇ ಇಲ್ಲ. ನಾನು ಬುದ್ಧಿವಂತಳ ಹಾಗೆ ಅವಳು ಮಲಗಿದ ಮೇಲೆ ಒಂದು ಬದಿ ಬಿಚ್ಚಿ, ಅಂಚು ಮಡಚಿ ಹೊಲಿದಿಟ್ಟೆ. ಬೆಳಿಗ್ಗೆ ಅಮ್ಮ ಅದನ್ನ ಬೆಳಕಿಗೆ ಹಿಡಿದು ನೋಡಿದಳು. "ಇದು ಯಾರ ಹೊಲಿಗೆ? ನಂದಲ್ಲ. ನನ್ನ ಹೊಲಿಗೆ ಹೀಗೆ ಸೊಟ್ಟ ಹೋಗಲ್ಲ." ಹಿಂದಿನ ದಿನ ಹೊಲಿದದ್ದು ಅವಳಿಗೆ ನೆನಪಿರಲಿಲ್ಲ. ತನ್ನ ಹೊಲಿಗೆ ಯಾವುದು ಅನ್ನೋದು ಚೆನ್ನಾಗಿ ಗೊತ್ತಿತ್ತು. ಇಡೀ ದಿನ ಮಿಷಿನ್ನಿನ ಹತ್ತಿರ ಬರಲಿಲ್ಲ.

ತಪ್ಪಾದ ಮೇಲೆ ತಿದ್ದೋದಕ್ಕಿಂತ ತಪ್ಪಾಗದ ಹಾಗೆ ಮೊದಲೇ ನೋಡಿಕೊಳ್ಳೋದು ವಾಸಿ ಅಂತ ಅವತ್ತು ಕಲಿತೆ. ಈಗ ಹೊಲಿಯಬೇಕಾದ ಕಡೆ ಮಾತ್ರ ಸೀಮೆಸುಣ್ಣದ ಗೆರೆ ಎಳೆದು ಕೊಡುತ್ತೇನೆ. ಗೆರೆ ಮುಗಿದಲ್ಲಿ ಅವಳು ನಿಲ್ಲಿಸುತ್ತಾಳೆ. ಒಂದು ಸಲಕ್ಕೆ ಒಂದೇ ಬಟ್ಟೆ ಮೇಜಿನ ಮೇಲಿರುತ್ತದೆ. ಮುಗಿಸಿದ ಬಟ್ಟೆಗಳನ್ನು ಬಳಸುತ್ತೇವೆ ಕೂಡ. ಅದು ಮುಖ್ಯ. ಸುಮ್ನೆ ಹೊತ್ತು ಹೋಗಲಿ ಅಂತ ಕೊಟ್ಟ ಕೆಲಸ ಯಾವುದು, ಮನೆಗೆ ಬೇಕಾದ ಕೆಲಸ ಯಾವುದು ಅಂತ ಅಮ್ಮನಿಗೆ ಥಟ್ಟನೆ ತಿಳಿಯುತ್ತದೆ. ಒಮ್ಮೆ ಹರಿದ ಚಿಂದಿಗಳನ್ನು ಕೊಟ್ಟು "ಇದನ್ನ ಸೇರಿಸಿ ಹೊಲಿ" ಅಂದಿದ್ದೆ. "ಯಾಕೆ?" ಅಂದಳು. ನನ್ನ ಹತ್ತಿರ ಉತ್ತರ ಇರಲಿಲ್ಲ.

ಈ ದಾರಿಯನ್ನ ಸಂಶೋಧಕರು ಅಳೆದೂ ನೋಡಿದ್ದಾರೆ. ಬ್ರಿಟನ್ನಿನಲ್ಲಿ ಲಿಂಡಾ ಕ್ಲೇರ್ ಮತ್ತು ಜೊತೆಯವರು ಡಿಮೆನ್ಶಿಯಾದ ಆರಂಭದ ಹಂತದಲ್ಲಿದ್ದ 475 ಜನರ ಜೊತೆ ನಡೆಸಿದ ದೊಡ್ಡ ಪ್ರಯೋಗದ ಫಲಿತಾಂಶ 2019ರಲ್ಲಿ ಬಂತು. ಅಲ್ಲಿ ತಜ್ಞರು ಮನೆಗೆ ಹೋಗಿ ಮೊದಲು ಕೇಳಿದ್ದು, "ನಿಮಗೆ ಯಾವ ಕೆಲಸ ಮಾಡೋದು ಬೇಕಾಗಿದೆ?" ಅಂತ. ಅವರು ಆರಿಸಿಕೊಂಡ ಕೆಲಸಗಳನ್ನೇ ಮೂರು ತಿಂಗಳಲ್ಲಿ ಹತ್ತು ಭೇಟಿಗಳಲ್ಲಿ ಕೂತು ಅಭ್ಯಾಸ ಮಾಡಿಸಿದರು. ಆಮೇಲೂ ಆರು ತಿಂಗಳಲ್ಲಿ ನಾಲ್ಕು ಸಲ ಹೋಗಿಬಂದರು. ಆರಿಸಿಕೊಂಡ ಕೆಲಸಗಳು ನಿಜಕ್ಕೂ ಸುಧಾರಿಸಿದವು, ಒಂಬತ್ತು ತಿಂಗಳಾದ ಮೇಲೂ. ನೆನಪಿನ ಪರೀಕ್ಷೆಯ ಅಂಕಗಳು ಮಾತ್ರ ಏರಲಿಲ್ಲ. ಇದು ನನಗೆ ಸಮಾಧಾನ ಕೊಟ್ಟಿತು. ಅಮ್ಮನಿಗೆ ಬೇಕಾಗಿರೋದು ಅಂಕವಲ್ಲ, ದಿಂಬಿನ ಕವರು.

ಅಂಕ ಅಂದಾಗ ನೆನಪಾಯ್ತು. ಅಣ್ಣ ಪಾಪ, ಅಮ್ಮನ ಫೋನಿನಲ್ಲಿ ಮಿದುಳಿಗೆ ಕಸರತ್ತು ಅನ್ನೋ ಆಟವೊಂದನ್ನ ಹಾಕಿಕೊಟ್ಟಿದ್ದ. ಉತ್ತರ ತಪ್ಪಾದರೆ ಕೆಂಪು ಗುರುತು ಬಂದು ಟೊಂಯ್ ಅಂತಿತ್ತು. ಮೂರನೇ ದಿನ ಅಮ್ಮ ಕೇಳಿದಳು, "ನಾನು ಇದರಲ್ಲಿ ಫೇಲಾದ್ರೆ ಏನು ಮಾಡ್ತೀರಾ?" ಅದೇ ರಾತ್ರಿ ಅಳಿಸಿಹಾಕಿದೆ. ಇಂಥ ಆಟ ಇಷ್ಟಪಡುವವರೂ ಇದ್ದಾರೆ, ಅವರು ಆಡಲಿ.

ನಡಿಗೆಯದ್ದೂ ಹೀಗೇ. ಬಿರುಸಾಗಿ ವ್ಯಾಯಾಮ ಮಾಡಿಸಿದರೆ ಮರೆವು ನಿಲ್ಲುತ್ತೆ ಅಂತ ಯಾರೋ ಹೇಳಿದ್ದರು. ಬ್ರಿಟನ್ನಿನಲ್ಲೇ ಡಿಮೆನ್ಶಿಯಾ ಇರುವ 494 ಜನರ ಮೇಲೆ ನಡೆದ ಇನ್ನೊಂದು ಪ್ರಯೋಗದ ಫಲಿತಾಂಶ 2018ರಲ್ಲಿ ಬಂದಿದೆ. ನಾಲ್ಕು ತಿಂಗಳ ಕಸರತ್ತಿನಿಂದ ಮೈ ಗಟ್ಟಿಯಾಯಿತು, ಮರೆವಿನ ಓಟ ನಿಲ್ಲಲಿಲ್ಲ. ಹಾಗಂತ ಚಪ್ಪಲಿ ಮೂಲೆಗಿಡಬೇಕಾಗಿಲ್ಲ. ನಡೆದ ದಿನ ಅಮ್ಮನಿಗೆ ನಿದ್ದೆ ಚೆನ್ನಾಗಿ ಬರುತ್ತದೆ, ಸಂಜೆಯ ಚಡಪಡಿಕೆ ಕಡಿಮೆ. ವಾರಕ್ಕೆ 150 ನಿಮಿಷವಾದರೂ ಮೈ ಆಡಲಿ ಅಂತ ವಿಶ್ವ ಆರೋಗ್ಯ ಸಂಸ್ಥೆ ವಯಸ್ಸಾದ ಎಲ್ಲರಿಗೂ ಹೇಳುತ್ತದೆ. ನಾವು ದಿನಾ ಒಂದೇ ದಾರಿಯಲ್ಲಿ ಹೋಗುತ್ತೇವೆ, ಒಂದೇ ಹೊತ್ತಿಗೆ. ಅದರಿಂದ ಆದ ಲಾಭ ನಾನು ಎಣಿಸಿರದ ಕಡೆಯಿಂದ ಬಂತು. ದಾರಿಯಲ್ಲಿ ದಿನಾ ಸಿಗುವ ನಾಲ್ಕು ಮಂದಿ ಅಮ್ಮನನ್ನು ಗುರುತಿಸಿ ಮಾತಾಡಿಸುತ್ತಾರೆ. ಅಮ್ಮನಿಗೆ ಅವರ ಹೆಸರು ಗೊತ್ತಿಲ್ಲ. ಅವರಿಗೂ ಅಮ್ಮನ ಹೆಸರು ಗೊತ್ತಿಲ್ಲ. ಹೆಸರಿಲ್ಲದೆ ನಡೆಯುವ ಸ್ನೇಹದಲ್ಲಿ ಮರೆಯೋಕೆ ಏನೂ ಇಲ್ಲ ನೋಡಿ.

ಹೆಸರು ಬೇಕಾಗುವ ಸ್ನೇಹಗಳೇ ಕಷ್ಟ. ಅಮ್ಮನಿಗೆ ಮೂವರು ಹಳೇ ಗೆಳತಿಯರು. ಒಬ್ಬೊಬ್ಬರಾಗಿ ಬರೋದು ನಿಂತಿತು. ನನಗೆ ಒಳಗೊಳಗೇ ಸಿಟ್ಟಿತ್ತು. ಆಮೇಲೆ ಒಂದು ದಿನ ಅವರಲ್ಲೊಬ್ಬರು ದಾರಿಯಲ್ಲಿ ಸಿಕ್ಕಾಗ ಕೇಳಿಯೇಬಿಟ್ಟೆ. ಅವರ ಕಣ್ಣು ತುಂಬಿತು. "ಏನು ಮಾತಾಡಬೇಕೋ ಗೊತ್ತಾಗ್ತಿರಲಿಲ್ಲಮ್ಮಾ. ನಾನೇನೋ ಅಂದು, ಅವಳಿಗೆ ನೆನಪಾಗದೆ, ಅವಳಿಗೆ ಅವಮಾನ ಆಗಿಬಿಟ್ರೆ ಅಂತ." ಮನೆಗೆ ಬಂದು ಅಮ್ಮನನ್ನು ಕೇಳಿದರೆ ಆ ಕಡೆಯದ್ದೂ ಅದೇ ಕತೆ. ಫೋನು ಬಂದರೆ ಎತ್ತುತ್ತಿರಲಿಲ್ಲ. ಯಾರ ದನಿ ಅಂತ ತಿಳಿಯದಿದ್ದರೆ ಏನು ಮಾಡೋದು ಅಂತ. ಇಬ್ಬರೂ ಇನ್ನೊಬ್ಬರ ಮರ್ಯಾದೆ ಕಾಯುತ್ತಾ ಬಾಗಿಲು ಹಾಕಿಕೊಂಡು ಕೂತಿದ್ದರು.

ಕಾಯಿಲೆಯ ವಿಷಯ ಗೆಳತಿಯರಿಗೆ ಹೇಳಲಾ ಅಂತ ಅಮ್ಮನನ್ನೇ ಕೇಳಿದೆ. ಅದು ಅವಳ ಸುದ್ದಿ, ನನ್ನದಲ್ಲ. ಅವಳು ತಕ್ಷಣ ಉತ್ತರ ಕೊಡಲಿಲ್ಲ. ನಮ್ಮ ಮಾತಿನಲ್ಲಿ ಇದಕ್ಕಿರೋ ಹೆಸರುಗಳೂ ಹಾಗೇ ಇವೆ. ಅರವತ್ತಕ್ಕೆ ಅರಳು ಮರಳು ಅಂತೀವಿ, ಬುದ್ಧಿ ಕೆಟ್ಟಿದೆ ಅಂತೀವಿ. ವಯಸ್ಸಾದ್ರೆ ಎಲ್ಲರಿಗೂ ಆಗೋದೇ ಅನ್ನೋ ಹಾಗೆ, ಅಥವಾ ನಗೋ ವಿಷಯ ಅನ್ನೋ ಹಾಗೆ. ಎರಡೂ ಅಲ್ಲ. ಜಪಾನಿನಲ್ಲಿ ಇದಕ್ಕೆ ಮೊದಲಿದ್ದ ಪದದಲ್ಲಿ ದಡ್ಡತನ ಅನ್ನೋ ಅರ್ಥ ಸೇರಿಕೊಂಡಿತ್ತು ಅಂತ 2004ರಲ್ಲಿ ಸರಕಾರವೇ ಆ ಪದವನ್ನು ಬದಲಾಯಿಸಿತು. ನಾವು ಮನೆಯಲ್ಲಿ 'ಮರೆವಿನ ಕಾಯಿಲೆ' ಅನ್ನುತ್ತೇವೆ. ಅಮ್ಮನಿಗೆ ಆ ಪದದ ಬಗ್ಗೆ ತಕರಾರಿಲ್ಲ.

ಎರಡು ದಿನ ಬಿಟ್ಟು ಅವಳಾಗೇ ಬಂದು ಅಂದಳು: "ಹೇಳು. ಆದ್ರೆ ಅಯ್ಯೋ ಪಾಪ ಅನ್ನಬಾರದು ಅಂತಾನೂ ಹೇಳು."

ಹೇಳಿದೆ. ಇಬ್ಬರು ಮತ್ತೆ ಬರತೊಡಗಿದರು. ಒಬ್ಬರು ಬರಲೇ ಇಲ್ಲ, ಇರಲಿ. ಮೊದಲ ಸಲ ಇಬ್ಬರನ್ನೂ ಒಟ್ಟಿಗೆ ಕರೆದು ಎಡವಟ್ಟು ಮಾಡಿದೆ. ಟಿವಿ ಓಡುತ್ತಿತ್ತು, ನಾನೂ ಮಧ್ಯೆ ಬಾಯಿ ಹಾಕುತ್ತಿದ್ದೆ. ಒಬ್ಬರ ಮಾತಿನ ಮೇಲೆ ಇನ್ನೊಬ್ಬರ ಮಾತು. ಅಮ್ಮ ಹತ್ತು ನಿಮಿಷ ಆ ಮುಖ ಈ ಮುಖ ನೋಡಿದಳು, ಆಮೇಲೆ ಎದ್ದುಹೋಗಿ ಮಲಗಿಬಿಟ್ಟಳು. ಹಿಂದಿನ ಮಾತನ್ನ ಹಿಡಿದಿಟ್ಟುಕೊಂಡು, ಮುಂದಿನದನ್ನ ಕೇಳಿಸಿಕೊಂಡು, ಉತ್ತರವನ್ನೂ ಹುಡುಕೋದು ಅವಳಿಗೆ ಮೂರು ಕೆಲಸ. ನಮಗೆ ಅದು ಹರಟೆ.

ಈಗ ಒಬ್ಬೊಬ್ಬರೇ ಬರುತ್ತಾರೆ, ಬೆಳಗಿನ ಹೊತ್ತು, ಅಮ್ಮ ದಣಿದಿರದಾಗ. ಟಿವಿ ಆಫ್. ಎದುರಿಗೇ ಕೂರುತ್ತಾರೆ. ಬಾಗಿಲಲ್ಲೇ ತಮ್ಮ ಹೆಸರು ಹೇಳಿಕೊಂಡು ಬರುತ್ತಾರೆ, ಏನೂ ಆಗದವರ ಹಾಗೆ. ಕಿವಿಯ ಮಿಷಿನ್ನಿಗೆ ಹೊಸ ಬ್ಯಾಟರಿ ಹಾಕಿದ ಮೇಲೆ ಅರ್ಧ 'ಮರೆವು' ಎಲ್ಲಿ ಹೋಯಿತು ಅಂತಲೇ ತಿಳಿಯಲಿಲ್ಲ. ಮಾತು ಕೇಳಿಸದಿದ್ದರೆ ನೆನಪಿರೋದು ಹೇಗೆ? ಅಂದಹಾಗೆ, ಲ್ಯಾನ್ಸೆಟ್ ಅನ್ನೋ ವೈದ್ಯಕೀಯ ಪತ್ರಿಕೆಯ ತಜ್ಞರ ಆಯೋಗ 2024ರಲ್ಲಿ ಹೆಸರಿಸಿದ, ಡಿಮೆನ್ಶಿಯಾ ಬರುವ ಅಪಾಯ ಹೆಚ್ಚಿಸುವ 14 ಕಾರಣಗಳಲ್ಲಿ ಕಿವಿ ಕೇಳಿಸದಿರೋದೂ ಇದೆ, ಜನರ ಒಡನಾಟ ಇಲ್ಲದಿರೋದೂ ಇದೆ. ನಡುವಯಸ್ಸಿನವರು ಓದುತ್ತಿದ್ದರೆ, ಇದು ನಿಮಗೂ ನನಗೂ.

ಗೆಳತಿಯರಿಗೆ ನಾನು ಬೇಡಿಕೊಂಡದ್ದು ಒಂದೇ. "ನಾನ್ಯಾರು ಹೇಳು ನೋಡೋಣ" ಅನ್ನಬೇಡಿ. ಪ್ರೀತಿಯಿಂದಲೇ ಕೇಳುವ ಪ್ರಶ್ನೆ ಅದು, ಆದರೆ ಅಮ್ಮನ ಮುಖ ಬಿಳಿಚಿಕೊಳ್ಳುವುದನ್ನ ನಾನು ನೋಡಿದ್ದೇನೆ. "ನೆನಪಿದೆಯಾ?" ಅನ್ನೋ ಬದಲು "ನಿನಗೇನನ್ನಿಸುತ್ತೆ?" ಅಂದರೆ ಸಾಕು. ಈ ಬಣ್ಣ ಹೇಗಿದೆ, ಈ ಹುಡುಗ ಸರಿಯಾ? ಅಭಿಪ್ರಾಯಕ್ಕೆ ನೆನಪು ಬೇಕಿಲ್ಲ, ಮತ್ತೆ ಅಮ್ಮನ ಹತ್ತಿರ ಅಭಿಪ್ರಾಯಗಳಿಗೆ ಯಾವತ್ತೂ ಬರ ಇರಲಿಲ್ಲ. ಡಿಮೆನ್ಶಿಯಾ ಇರುವವರನ್ನು ಸಣ್ಣ ಗುಂಪಿನಲ್ಲಿ ಕೂರಿಸಿ ಮಾತು, ಆಟ, ಹಾಡು ನಡೆಸುವ ಒಂದು ಚಿಕಿತ್ಸೆ ಇದೆ. ವಾರಕ್ಕೆ ಎರಡು ಸಲದಂತೆ ಏಳು ವಾರ, ಒಟ್ಟು 14 ಕೂಟ. ಅದರಲ್ಲೂ ಕೇಳೋದು ಅಭಿಪ್ರಾಯವನ್ನೇ, ಸರಿ ಉತ್ತರವನ್ನಲ್ಲ. ಅದು ಉಪಯೋಗಕ್ಕೆ ಬರುತ್ತದೆ ಅನ್ನೋದಕ್ಕೆ ಒಳ್ಳೆಯ ಪುರಾವೆ ಇದೆ. ನೆದರ್ಲೆಂಡ್ಸ್‌ನ ಲೈಡನ್ ಊರಿನಲ್ಲಿ 1997ರಲ್ಲಿ ಮೀಸೆನ್ ಅನ್ನೋ ಮನಶ್ಶಾಸ್ತ್ರಜ್ಞರು ಶುರು ಮಾಡಿದ ಆಲ್ಝೈಮರ್ ಕೆಫೆ ಈಗ ಎಷ್ಟೋ ದೇಶಗಳಲ್ಲಿದೆ. ಕಾಯಿಲೆ ಇರುವವರು, ಮನೆಯವರು, ವೈದ್ಯರು ಒಂದೇ ಕೋಣೆಯಲ್ಲಿ ಕೂತು ಮಾತಾಡುವ ಜಾಗ. ಇಂಥದ್ದು ಹತ್ತಿರ ಇದ್ದರೆ ಒಂದು ಸಲ ಹೋಗಿನೋಡಿ. ಇಲ್ಲದಿದ್ದರೆ ಒಬ್ಬ ಗೆಳತಿ ಮತ್ತು ಎರಡು ಕುರ್ಚಿ.

"ಬಂದುಹೋದದ್ದೇ ನೆನಪಿರಲ್ಲ ಅಂದ್ಮೇಲೆ ಬಂದೇನು ಪ್ರಯೋಜನ?" ಅಂತ ನನ್ನನ್ನು ಕೇಳಿದವರಿದ್ದಾರೆ. ಅಮೆರಿಕದ ಐಯೋವಾದಲ್ಲಿ ಆಲ್ಝೈಮರ್ ಇರುವ 17 ಜನರಿಗೆ ದುಃಖದ, ಆಮೇಲೆ ಸಂತೋಷದ ಸಿನಿಮಾ ತುಣುಕುಗಳನ್ನು ತೋರಿಸಿದ ಅಧ್ಯಯನವೊಂದು 2014ರಲ್ಲಿ ಪ್ರಕಟವಾಗಿದೆ. ಸ್ವಲ್ಪ ಹೊತ್ತಿನಲ್ಲೇ ಅವರಿಗೆ ನೋಡಿದ್ದು ಬಹುಪಾಲು ಮರೆತಿತ್ತು. ಆದರೆ ಅದು ಹುಟ್ಟಿಸಿದ ಭಾವ ಉಳಿದಿತ್ತು. ಮನೆಯಲ್ಲಿ ನಾನು ನೋಡೋದೂ ಅದನ್ನೇ. ಗೆಳತಿ ಹೋದ ಒಂದು ಗಂಟೆಗೆ "ಇವತ್ತು ಯಾರೂ ಬರಲೇ ಇಲ್ಲ" ಅನ್ನುತ್ತಾಳೆ ಅಮ್ಮ. ಅನ್ನುವಾಗ ಏನೋ ಗುನುಗುತ್ತಿರುತ್ತಾಳೆ.

ಎಲ್ಲ ದಿನವೂ ಹೀಗಿರುತ್ತೆ ಅಂತ ಅಂದುಕೊಳ್ಳಬೇಡಿ. ಐದು ನಿಮಿಷದಲ್ಲಿ ನಾನೇ ಮುಗಿಸಬಹುದಾದ ಹೊಲಿಗೆಗೆ ಅವಳ ಜೊತೆ ಮುಕ್ಕಾಲು ಗಂಟೆ ಹಿಡಿಯುತ್ತದೆ. ಕೆಲಸದಿಂದ ದಣಿದು ಬಂದ ದಿನ "ಕೊಡಮ್ಮಾ ಇಲ್ಲಿ" ಅಂತ ಕಿತ್ತುಕೊಂಡು ಮುಗಿಸಿದ್ದೂ ಇದೆ. ಮನೆಮನೆಗಳಲ್ಲಿ ಇವರ ಕೈಯಿಂದ ಕೆಲಸ ಜಾರಿಹೋಗೋದು ಭಯದಿಂದ ಅಂತ ಮೊದಲು ಅಂದುಕೊಂಡಿದ್ದೆ. ಈಗ ನನಗನ್ನಿಸೋದು, ಭಯಕ್ಕಿಂತ ನಮ್ಮ ಅವಸರದ್ದೇ ದೊಡ್ಡ ಕೈ. ಕೆಲವನ್ನು ನಿಜಕ್ಕೂ ತೆಗೆದುಕೊಳ್ಳಲೇಬೇಕು, ಅದೂ ಖರೆ. ಅಮ್ಮ ಸ್ಕೂಟರ್ ಓಡಿಸೋದು ಬಿಟ್ಟಳು. ಇಸ್ತ್ರಿಪೆಟ್ಟಿಗೆ ಎರಡು ಸಲ ಆರಿಸದೆ ಮರೆತ ಮೇಲೆ ತಾನೇ ಆರುವಂಥದ್ದನ್ನು ತಂದೆವು. ಪಾಸ್‌ಬುಕ್ ಮಾತ್ರ ಅಣ್ಣನ ಬೀರುವಿನಿಂದ ಅವಳ ಪೆಟ್ಟಿಗೆಗೆ ವಾಪಸ್ ಬಂತು. ಲೆಕ್ಕ ಅವನು ನೋಡುತ್ತಾನೆ. ಅವಳು ಆಗಾಗ ತೆಗೆದು ಪುಟ ತಿರುವಿ ಒಳಗಿಡುತ್ತಾಳೆ.

ಮೊನ್ನೆ ಗೆಳತಿ ಬಂದಾಗ ಅವರ ತೋಳಿನ ಗುಂಡಿ ಕಿತ್ತು ನೇತಾಡುತ್ತಿತ್ತು. ಬೇಕಂತಲೇ ಹಾಗೆ ಬಂದಿದ್ದರೋ ಏನೋ, ನಾನು ಕೇಳಲಿಲ್ಲ. ಅಮ್ಮ ಎದ್ದುಹೋಗಿ ಡಬ್ಬಿ ತಂದಳು, ಅದೇ ಬಣ್ಣದ ದಾರ ಹುಡುಕಿದಳು. ಆಮೇಲೆ ನನ್ನ ಮುಖವನ್ನೂ ನೋಡದೆ ಸೂಜಿ ದಾರ ಎರಡನ್ನೂ ನನ್ನ ಕಡೆ ಚಾಚಿದಳು. ಪೋಣಿಸಿ, ಗಂಟು ಹಾಕಿ ಕೊಟ್ಟೆ. ತೋಳು ಹಿಡಿದು ಹೊಲಿಯುತ್ತಾ, ಆಗಲೇ ಎರಡು ಸಲ ಹೇಳಿದ್ದ ಕತೆಯನ್ನು ಮತ್ತೆ ಮೊದಲಿನಿಂದ ಶುರು ಮಾಡಿದಳು. ಗೆಳತಿ "ಆಮೇಲೆ?" ಅಂದರು.

ನಾನು ಅಲ್ಲೇ ನಿಂತಿದ್ದೆ. ಅಮ್ಮ ತಲೆಯೆತ್ತಿ ನೋಡಿದಳು. "ನೀನ್ಯಾಕೆ ಇಲ್ಲಿ ನಿಂತಿದೀಯಾ? ಒಳಗೆ ಹೋಗು. ನಾವಿಬ್ರೂ ಮಾತಾಡ್ಕೋಬೇಕು."